ರೋಗಿ ಒಬ್ಬ, ಬಾಗಿಲು ಎರಡೇಕೆ?

ಕ್ಷಯ ಬಡವರ ಬೆನ್ನು ಹತ್ತಿದ ರೋಗವೆಂಬುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗಾಳಿ ಬೆಳಕಿಲ್ಲದ ವಠಾರ, ಅರೆಹೊಟ್ಟೆ, ರಾತ್ರಿ ಪಾಳಿಯ ದುಡಿಮೆ, ಇವೇ ಅದರ ತವರು. 1986ರಲ್ಲಿ ಅಂದಿನ ಮದರಾಸಿನಲ್ಲಿ ಎಚ್.ಐ.ವಿ. ಸೋಂಕು ನಮ್ಮ ದೇಶದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಅಂದಿನಿಂದ ಈ ಹಳೆಯ ಶತ್ರುವಿಗೆ ಹೊಸ ಜೊತೆಗಾರ ಸಿಕ್ಕಿದಂತಾಗಿದೆ. ಎಚ್.ಐ.ವಿ. ದೇಹದ ಕಾವಲನ್ನು ಕೆಡವುತ್ತದೆ. ಒಳಗೆ ಮಲಗಿದ್ದ ಕ್ಷಯದ ಕ್ರಿಮಿ ಎದ್ದು ಕೂರುತ್ತದೆ. ಎಚ್.ಐ.ವಿ. ಇರುವವರಿಗೆ ಕ್ಷಯ ತಗಲುವ ಅಪಾಯ ಉಳಿದವರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಜಗತ್ತಿನಾದ್ಯಂತ ಅವರ ಪ್ರಾಣ ತೆಗೆಯುವ ರೋಗಗಳಲ್ಲಿ ಕ್ಷಯಕ್ಕೇ ಮೊದಲ ಸ್ಥಾನ.

ರೋಗಗಳು ಹೀಗೆ ಕೈಜೋಡಿಸಿದವು. ಇಲಾಖೆಗಳು ಮಾತ್ರ ಬಹುಕಾಲ ಬೇರೆ ಬೇರೆಯಾಗಿಯೇ ಉಳಿದವು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1962ರಲ್ಲಿ ಕ್ಷಯ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಬಂತು. ಏಡ್ಸ್ ನಿಯಂತ್ರಣದ ಕಾರ್ಯಕ್ರಮ ಬಂದದ್ದು 1992ರಲ್ಲಿ. ಒಂದಕ್ಕೊಂದು ಬೇರೆ ಅಧಿಕಾರಿ, ಬೇರೆ ದಾಖಲೆ, ಬೇರೆ ಕೊಠಡಿ. ಕೊನೆಗೆ 2001ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಎರಡೂ ಇಲಾಖೆಗಳು ಕೂಡಿ ಕೆಲಸ ಮಾಡಬೇಕೆಂದು ತೀರ್ಮಾನವಾಯಿತು. 2004ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ. ಔಷಧಿ ಉಚಿತವಾಯಿತು. ಕ್ಷಯವಿರುವ ಪ್ರತಿಯೊಬ್ಬರಿಗೂ ಎಚ್.ಐ.ವಿ. ಪರೀಕ್ಷೆಯ ಸೌಲಭ್ಯ ನೀಡಬೇಕು, ಎಚ್.ಐ.ವಿ. ಔಷಧಿಗೆ ಬರುವ ಪ್ರತಿಯೊಬ್ಬರನ್ನೂ ಕೆಮ್ಮು, ಜ್ವರ, ರಾತ್ರಿಯ ಬೆವರು, ತೂಕ ಇಳಿಕೆ, ಈ ನಾಲ್ಕನ್ನು ಪ್ರತಿ ಭೇಟಿಯಲ್ಲೂ ವಿಚಾರಿಸಬೇಕು. ಎರಡೂ ಇದ್ದವರಿಗೆ ಎಚ್.ಐ.ವಿ. ಚಿಕಿತ್ಸಾ ಕೇಂದ್ರದಲ್ಲೇ ಎರಡೂ ಔಷಧಿ ಸಿಗಬೇಕು. ಇವು ಇಂದಿನ ನಿಯಮಗಳು. ನಿಯಮ ಒಳ್ಳೆಯದು, ನಾವು ಅದನ್ನು ಸ್ವಾಗತಿಸುತ್ತೇವೆ. ಕಾಗದದ ಮೇಲಿನ ನಿಯಮ ಪ್ರತಿ ತಾಲ್ಲೂಕಿಗೂ ನಡೆದು ಬರಬೇಕೆಂಬುದೇ ನಮ್ಮ ಮಾತು.

ಒಂದೇ ಕಡೆ ಔಷಧಿ ಕೊಡಿ ಎಂಬುದು ಬರಿಯ ಅನುಕೂಲದ ಬೇಡಿಕೆಯೆಂದು ಯಾರೂ ತಿಳಿಯಬಾರದು. ಇದು ಪ್ರಾಣದ ಪ್ರಶ್ನೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧಿ, ಎಚ್.ಐ.ವಿ.ಗೆ ಈಗ ಕೊಡುವ ಡೊಲುಟೆಗ್ರಾವಿರ್ ಔಷಧಿಯ ಬಲವನ್ನು ರಕ್ತದಲ್ಲಿ ಕುಗ್ಗಿಸುತ್ತದೆ. ಆದುದರಿಂದ ದಿನಕ್ಕೊಮ್ಮೆ 50 ಮಿಲಿಗ್ರಾಂ ನುಂಗುತ್ತಿದ್ದವರು ಹನ್ನೆರಡು ಗಂಟೆ ಬಿಟ್ಟು ಮತ್ತೊಂದು 50 ಮಿಲಿಗ್ರಾಂ ನುಂಗಬೇಕು; ಕ್ಷಯದ ಔಷಧಿ ಮುಗಿದ ಮೇಲೂ ಎರಡು ವಾರ ಹಾಗೆಯೇ ನಡೆಸಬೇಕು. ಒಂದು ಕೊಠಡಿಯ ವೈದ್ಯರು ಬರೆದದ್ದು ಇನ್ನೊಂದು ಕೊಠಡಿಯ ವೈದ್ಯರಿಗೆ ತಿಳಿಯದಿದ್ದರೆ ಈ ಎರಡನೆಯ ಗುಳಿಗೆ ಕೊಡುವವರು ಯಾರು?

ಇನ್ನೊಂದು ಸಂಗತಿ. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಎರಡೂ ರೋಗಗಳಿದ್ದ 642 ಜನರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಕ್ಷಯದ ಚಿಕಿತ್ಸೆ ನಡೆಯುತ್ತಿರುವಾಗಲೇ ಎಚ್.ಐ.ವಿ. ಔಷಧಿ ಆರಂಭಿಸಿದವರಲ್ಲಿ ಸಾವಿನ ಪ್ರಮಾಣ, ಕ್ಷಯ ಮುಗಿಯಲೆಂದು ಕಾಯಿಸಲ್ಪಟ್ಟವರಿಗಿಂತ ನೂರಕ್ಕೆ 56ರಷ್ಟು ಕಡಿಮೆಯಾಗಿತ್ತು. ಮೊದಲು ಕ್ಷಯದ ಔಷಧಿ, ಬೆನ್ನಿಗೇ ಎಚ್.ಐ.ವಿ. ಔಷಧಿ, ಇದು ಇಂದಿನ ಕ್ರಮ. ಮಿದುಳಿನ ಪೊರೆಗೆ ಕ್ಷಯ ತಗಲಿದಾಗ ಮಾತ್ರ ವೈದ್ಯರು ಕೆಲವು ವಾರ ತಡೆಯುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯಂತೆ, ಎರಡು ಇಲಾಖೆಗಳ ನಡುವೆ ಕಳೆದುಹೋಗುವ ವಾರಗಳ ಬೆಲೆ ತೆರುವವನು ರೋಗಿ.

ಈಗ ದುಡಿಯುವವರ ಲೆಕ್ಕ ನೋಡೋಣ. ಕ್ಷಯದ ಔಷಧಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಎಚ್.ಐ.ವಿ. ಚಿಕಿತ್ಸೆ ಬಹುಮಟ್ಟಿಗೆ ಜಿಲ್ಲಾ ಆಸ್ಪತ್ರೆಯಲ್ಲಿ. ತಿಂಗಳಿಗೆ ಒಂದೊಂದು ಬಾಗಿಲಿಗೆ ಒಂದೊಂದು ದಿನವೆಂದರೂ ಆರು ತಿಂಗಳ ಚಿಕಿತ್ಸೆಗೆ ಹನ್ನೆರಡು ದಿನದ ಕೂಲಿ ಹೋಯಿತು. ಬಸ್ಸಿನ ಖರ್ಚು ಬೇರೆ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು; 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಮೊಟ್ಟೆ, ಬೇಳೆಗೆಂದು ಬಂದ ಆ ಹಣ ತಪ್ಪಿದ ಕೂಲಿಯನ್ನು ತುಂಬುವುದಕ್ಕೇ ಹೋದರೆ ರೋಗಿ ತಿನ್ನುವುದೇನು? ಒಬ್ಬರೇ ಕೂರುವ ಸಣ್ಣ ಅಂಗಡಿಯ ಪಾಡೂ ಇದೇ: ಬಾಗಿಲು ಹಾಕಿದ ದಿನ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಗಿರಣಿಯ ಕೆಮ್ಮನ್ನು ಹತ್ತಿಯ ಧೂಳಿನ ಕೆಮ್ಮೆಂದು ತಳ್ಳಿಬಿಡುವ ರೂಢಿಯೂ ಬಿಡಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು. ಎಚ್.ಐ.ವಿ. ಇರುವವರ ಕಫದಲ್ಲಿ ಕ್ರಿಮಿ ಕಡಮೆ ಇರುವುದರಿಂದ ಸೂಕ್ಷ್ಮದರ್ಶಕದ ಕಣ್ಣಿಗೆ ಅದು ಅನೇಕ ಸಲ ಬೀಳುವುದಿಲ್ಲ. ಅವರಿಗೆ ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದ ಪರೀಕ್ಷೆಯೇ ಬೇಕು. ಇ.ಎಸ್.ಐ. ಯೋಜನೆಯಲ್ಲಿ ದೀರ್ಘ ಕಾಯಿಲೆಗಳಿಗೆ ನೂರಕ್ಕೆ 80ರಷ್ಟು ಕೂಲಿ ದೊರೆಯುವ ಪಟ್ಟಿಯಲ್ಲಿ ಕ್ಷಯ ಮತ್ತು ಏಡ್ಸ್ ಎರಡೂ ಇವೆ. ಆದರೆ ಎರಡು ವರ್ಷದ ಅವಿಚ್ಛಿನ್ನ ನೌಕರಿಯ ಷರತ್ತೂ ಇದೆ. ಗುತ್ತಿಗೆದಾರ ಹೆಸರನ್ನೇ ಬರೆಸದ ಕೂಲಿಗಾರನಿಗೆ ಆ ಪಟ್ಟಿಯಿಂದ ಏನು ಫಲ?

ಕೊನೆಯದಾಗಿ ಗುಟ್ಟಿನ ಮಾತು. ಇಲಾಖೆಗಳು ಕೂಡಿದರೆ ನಮ್ಮ ವಿಷಯ ಊರಿಗೆಲ್ಲ ತಿಳಿಯುತ್ತದೆಂಬ ಭಯ ಅನೇಕರಲ್ಲಿದೆ. ಆ ಭಯದಿಂದಲೇ ಪರೀಕ್ಷೆಗೆ ಹಿಂಜರಿಯುತ್ತಾರೆ. ಭಯ ಸಹಜ, ಆದರೆ ಕಾನೂನು ರೋಗಿಯ ಪಕ್ಷದಲ್ಲಿದೆ. 2017ರ ಎಚ್.ಐ.ವಿ. ಕಾಯಿದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿನ ಕಾರಣಕ್ಕೆ ಅನ್ಯಾಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ನೂರು ಜನರಿಗೆ ಕಡಮೆಯಿಲ್ಲದ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿ ಇರಲೇಬೇಕು. ನಿಮ್ಮ ಗಿರಣಿಯಲ್ಲಿ ಆ ಅಧಿಕಾರಿ ಯಾರೆಂದು ಸಂಘದ ಮೂಲಕ ಕೇಳಿರಿ.

ನಮ್ಮ ಒತ್ತಾಯಗಳು ಸರಳವಾದವು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದೇ ದಿನ, ಒಂದೇ ಕೊಠಡಿಯಲ್ಲಿ ಎರಡೂ ಔಷಧಿ ಸಿಗಲಿ. ಪಾಳಿ ಮುಗಿಸಿ ಬರುವವರಿಗಾಗಿ ವಾರಕ್ಕೊಂದು ಸಂಜೆ ಆ ಕೊಠಡಿ ತೆರೆದಿರಲಿ. ರೋಗಿಯ ಕೈಗೆ ಚೀಟಿ ಕೊಟ್ಟು ಕೈತೊಳೆದುಕೊಳ್ಳದೆ, ಆತ ತಲುಪಿದನೇ ಇಲ್ಲವೇ ಎಂಬುದನ್ನು ಆಸ್ಪತ್ರೆಯೇ ವಿಚಾರಿಸಲಿ. ಎಚ್.ಐ.ವಿ. ಇದ್ದು ಕ್ಷಯ ಇಲ್ಲದವರಿಗೆ ಕ್ಷಯ ತಡೆಯುವ ಔಷಧಿ ತಪ್ಪದೆ ಸಿಗಲಿ. ಇವಾವುದಕ್ಕೂ ಹೊಸ ಸಂಶೋಧನೆ ಬೇಕಾಗಿಲ್ಲ. ಔಷಧಿ ಇದೆ, ನಿಯಮ ಇದೆ, ಕಾನೂನು ಇದೆ. ಎರಡು ಕೊಠಡಿಗಳ ನಡುವಿನ ಗೋಡೆಯೊಂದು ಉಳಿದಿದೆ. ಅದನ್ನು ತೆಗೆಯಿರೆಂದು ಕೇಳುವುದು ನಮ್ಮೆಲ್ಲರ ಹಕ್ಕು. ಕೇಳುತ್ತಲೇ ಇರುವುದು ನಮ್ಮೆಲ್ಲರ ಕೆಲಸ.