ಹೊರಗೋಡೆಯ ಬಣ್ಣ: ಗುತ್ತಿಗೆ ಕೊಡುವ ಮುನ್ನ

ಯುಗಾದಿ, ದೀಪಾವಳಿಗಳು ಬಂದವೆಂದರೆ ಮನೆಮಂದಿಯೆಲ್ಲ ಕೂಡಿ ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಹಿರಿಯರ ಕಾಲದ ವಾಡಿಕೆಯಾಗಿತ್ತು. ನೀರಿನಲ್ಲಿ ಅರಳಿಸಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗೋಡೆಯೊಳಗಿನ ತೇವವೂ ಅದರ ಮೂಲಕ ಹೊರಬೀಳುತ್ತದೆ. ಬಳಿದುದು ಕೆಟ್ಟರೂ ನಷ್ಟ ಅಲ್ಪ. ಮರುವರ್ಷ ಮತ್ತೆ ಬಳಿದರಾಯಿತು. ಇಂದಿನ ಎಮಲ್ಷನ್ ಬಣ್ಣಗಳ ರೀತಿ ಬೇರೆ. ಅವು ಗೋಡೆಯ ಮೇಲೆ ತೆಳುವಾದ ಪೊರೆಯಾಗಿ ಕೂರುತ್ತವೆ. ಪೊರೆಯ ಹಿಂದೆ ತೇವವೋ ಧೂಳೋ ಉಳಿದರೆ ಬಣ್ಣವು ಗುಳ್ಳೆಯೆದ್ದು ಸಿಪ್ಪೆಯಂತೆ ಸುಲಿಯುತ್ತದೆ. ಮಹಡಿಯ ಮನೆಗೆ ಸಾರುವೆ ಕಟ್ಟಬಲ್ಲ ಆಳುಗಳೂ ಬೇಕು. ಆದಕಾರಣ ಗುತ್ತಿಗೆದಾರನನ್ನು ಕರೆಯುವುದು ಇಂದು ಬಹುತೇಕ ಅನಿವಾರ್ಯವಾಗಿದೆ.

‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಈ ಕೆಲಸಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಬಣ್ಣದ ಬಾಳಿಕೆ ನಿಂತಿರುವುದು ಕಣ್ಣಿಗೆ ಕಾಣುವ ಕೊನೆಯ ಕೋಟಿನ ಮೇಲಲ್ಲ, ಅದರ ಕೆಳಗೆ ಅಡಗಿಹೋಗುವ ಸಿದ್ಧತೆಯ ಮೇಲೆ. ಕೆಲಸ ಮುಗಿದ ದಿನ ಒಳ್ಳೆಯ ಗೋಡೆಯೂ ಕೆಟ್ಟ ಗೋಡೆಯೂ ಒಂದೇ ಸಮನೆ ಹೊಳೆಯುತ್ತವೆ. ಮಳೆಗಾಲ ಕಳೆದಾಗ ಭೇದ ತಿಳಿಯುತ್ತದೆ. ಅಷ್ಟರಲ್ಲಿ ಹಣವು ಕೈಬಿಟ್ಟು ಹೋಗಿರುತ್ತದೆ. ಗೃಹಸ್ಥನ ಎಚ್ಚರವೆಲ್ಲ ಬಣ್ಣ ಹಚ್ಚುವುದಕ್ಕೆ ಮೊದಲೇ ಇರಬೇಕೆಂಬುದು ಇದರಿಂದ ಸ್ಪಷ್ಟ.

ಮೊದಲು ಗೋಡೆಯನ್ನು ಪರೀಕ್ಷಿಸಬೇಕು. ಪಾಚಿ, ಬಿರುಕು, ಬಿಳಿಯ ಉಪ್ಪು, ತೇವದ ಕಲೆ ಕಂಡರೆ ಅವುಗಳ ಮೂಲವನ್ನು ಹುಡುಕಬೇಕು. ತಾರಸಿಯ ಬಿರುಕು, ಸೋರುವ ಕೊಳವೆ, ಸಜ್ಜೆಯ ಮೇಲೆ ನಿಲ್ಲುವ ನೀರು ಇವೇ ಸಾಮಾನ್ಯ ಕಾರಣಗಳು. ಮೂಲವನ್ನು ಸರಿಪಡಿಸದೆ ಬಣ್ಣ ಬಳಿಯುವುದು ಹುಣ್ಣನ್ನು ವಾಸಿಮಾಡದೆ ಬಟ್ಟೆ ಸುತ್ತಿದಂತೆ. ಹೊಸ ಗಾರೆಯಾದರೆ ಕನಿಷ್ಠ 28 ದಿನಗಳಾದರೂ ಕಳೆದು, ಗೋಡೆ ಚೆನ್ನಾಗಿ ಒಣಗಿರಬೇಕು. ನಮ್ಮ ನಾಡಿನ ಬಹುಭಾಗದಲ್ಲಿ ಮಳೆ ಹಿಂದೆಗೆದ ಮೇಲೆ, ಡಿಸೆಂಬರಿನಿಂದ ಮುಂದಿನ ತಿಂಗಳುಗಳು ಈ ಕೆಲಸಕ್ಕೆ ಪ್ರಶಸ್ತ.

ಬಳಿಕ ಬೆಲೆಯ ವಿಚಾರ. ಇಬ್ಬರು ಗುತ್ತಿಗೆದಾರರಲ್ಲಿ ಒಬ್ಬನು ಬಹಳ ಕಡಿಮೆ ಹೇಳಿದನೆಂದು ಭಾವಿಸೋಣ. ಅವನು ಯಾವುದನ್ನು ಬಿಟ್ಟಿದ್ದಾನೆಂದು ಕೇಳಬೇಕು. ಹಳೆಯ ಬಣ್ಣ ಕೆರೆಯುವುದು, ತೊಳೆಯುವುದು, ಬಿರುಕು ತುಂಬುವುದು, ಪ್ರೈಮರ್ ಹಚ್ಚುವುದು, ಎರಡು ಕೋಟು ಬಣ್ಣ, ಸಾರುವೆಯ ಖರ್ಚು ಇವೆಲ್ಲವೂ ಅಂದಾಜುಪಟ್ಟಿಯಲ್ಲಿ ಬೇರೆಬೇರೆಯಾಗಿ ಬರೆದಿರಲಿ. ಬಣ್ಣದ ಕಂಪನಿ ಮತ್ತು ದರ್ಜೆ, ಬಾಗಿಲು ಕಿಟಕಿಗಳ ಅಳತೆಯನ್ನು ಕಳೆಯುವ ಬಗೆ, ಬಣ್ಣ ಸುಲಿದರೆ ಎಷ್ಟು ಕಾಲದವರೆಗೆ ಸರಿಪಡಿಸಿಕೊಡುವನೆಂಬುದು ಸಹ ಕಾಗದದ ಮೇಲೆ ಬರಲಿ. ಅವನು ಎರಡು ಮೂರು ವರ್ಷಗಳ ಹಿಂದೆ ಮಾಡಿದ ಮನೆಯೊಂದನ್ನು ಹೋಗಿ ನೋಡುವುದು ಎಲ್ಲ ಮಾತುಗಳಿಗಿಂತ ಮೇಲು.

ಬಣ್ಣದ ಲೆಕ್ಕವನ್ನು ಗೃಹಿಣಿಯರೂ ಸುಲಭವಾಗಿ ಮಾಡಬಹುದು. ಮನೆಯ ಸುತ್ತಳತೆ 120 ಅಡಿ, ಎತ್ತರ 10 ಅಡಿಯಾದರೆ ಗೋಡೆ 1,200 ಚದರ ಅಡಿ. ನಯವಾದ ಗೋಡೆಯ ಮೇಲೆ ಒಂದು ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು 50ರಿಂದ 60 ಚದರ ಅಡಿ ಬರುತ್ತದೆಂದು ಹಿಡಿದರೆ, 20ರಿಂದ 24 ಲೀಟರ್ ಬೇಕು. 10 ಲೀಟರಿನಲ್ಲೇ ಕೆಲಸ ಮುಗಿದರೆ ಒಂದೋ ಕೋಟು ತಪ್ಪಿದೆ, ಇಲ್ಲವೇ ನೀರು ಹೆಚ್ಚಾಗಿದೆ. ಮುಚ್ಚಿದ ಡಬ್ಬಿಗಳನ್ನು ತಮ್ಮೆದುರಿನಲ್ಲೇ ತೆರೆಸಿ, ಖಾಲಿಯಾದವನ್ನು ಎಣಿಸಿಡುವುದು ಒಳಿತು.

ಹಣವನ್ನು ಹಂತಹಂತವಾಗಿ ಕೊಡಬೇಕು. ಅಲ್ಪ ಮುಂಗಡ, ಗೋಡೆಯ ಸಿದ್ಧತೆಯನ್ನು ಕಣ್ಣಾರೆ ಕಂಡು ಒಂದು ಕಂತು, ಪ್ರೈಮರ್ ಆದ ಮೇಲೆ ಇನ್ನೊಂದು, ಎಲ್ಲವೂ ಮುಗಿದು ಪರಿಶೀಲಿಸಿದ ಮೇಲೆ ಉಳಿದದ್ದು. ಆದರೆ ಕೊಡಬೇಕಾದುದನ್ನು ಹೇಳಿದ ದಿನವೇ ಕೊಡಬೇಕು. ಗುತ್ತಿಗೆದಾರನ ಹಿಂದೆ ದಿನಗೂಲಿಯ ಸಂಸಾರಗಳಿವೆಯೆಂಬುದನ್ನು ಮರೆಯಬಾರದು.

ಆ ಆಳುಗಳ ಜೀವವೂ ನಮ್ಮ ಲಕ್ಷ್ಯದಲ್ಲಿರಬೇಕು. ಸಾರುವೆಯು ಭದ್ರವಾಗಿದೆಯೇ, ಎತ್ತರದಲ್ಲಿ ಸುರಕ್ಷತಾ ಬೆಲ್ಟು ಕಟ್ಟಿದ್ದಾರೆಯೇ, ಗೋಡೆಯ ಬಳಿ ವಿದ್ಯುತ್ ತಂತಿಯಿದೆಯೇ ಎಂದು ಮೊದಲೇ ವಿಚಾರಿಸಬೇಕು. ಹಳೆಯ ಕಿಟಕಿ, ಸರಳುಗಳ ಎನಾಮಲ್ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಿಸಬೇಕು. ಕೂಸುಗಳನ್ನೂ ಗರ್ಭಿಣಿಯರನ್ನೂ ಆ ಧೂಳಿನಿಂದ ದೂರವಿಡಬೇಕು.

ಇಷ್ಟಾಗಿಯೂ ಮಾತು ತಪ್ಪಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಅಲ್ಲಿ ನಮ್ಮ ಪರವಾಗಿ ನಿಲ್ಲುವುದು ಕರಾರುಪತ್ರ ಮತ್ತು ರಸೀದಿ. ಬರೆದುಕೊಡಿರೆಂದು ಕೇಳುವುದು ಅಪನಂಬಿಕೆಯಲ್ಲ. ಅದರಿಂದ ಮನೆಯವರ ನಿರೀಕ್ಷೆಗೂ ಕೆಲಸದವರ ಶ್ರಮಕ್ಕೂ ಒಂದೇ ಅಳತೆ ದೊರೆಯುತ್ತದೆ. ಪ್ರಾಮಾಣಿಕ ಗುತ್ತಿಗೆದಾರನು ಅದನ್ನು ಸಂತೋಷದಿಂದಲೇ ಬರೆದುಕೊಡುವನು.