ಚೂಪು ಕಿವಿಯ ಸ್ಪಾಕ್ ಮತ್ತು ನಮ್ಮ ಕೊನೆಯ ಬೆಂಚು

ಮೊದಲೇ ಹೇಳಿಬಿಡುತ್ತೇನೆ, ನಾನು ಸೈನ್ಸ್ ವಿದ್ಯಾರ್ಥಿನಿ ಅಲ್ಲ. ಅಂತರಿಕ್ಷದ ವಿಷಯ ಬರೆಯಲು ಕಾಮರ್ಸ್‌ನವಳಿಗೇನು ಕೆಲಸ ಎಂದು ಪಿಸಿಎಂಬಿ ತರಗತಿಯ ಗೆಳೆಯ-ಗೆಳತಿಯರು ಕೇಳಬಹುದು. ಪೂರ್ತಿ ಓದಿದ ಮೇಲೆ ಕೇಳಿ, ಉತ್ತರ ಕೊಡುತ್ತೇನೆ.

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ಬೆಂಗಳೂರಿನಿಂದ ಮಾಮು ಬಂದಿದ್ದರು. ನಾನು ಮೊಬೈಲ್ ಹಿಡಿದು ಕೂತಿದ್ದನ್ನು ನೋಡಿ, "ಬೇಟಾ, ಅದನ್ನು ಇಡು. ನಾನು ನಿನ್ನ ವಯಸ್ಸಿಗಿಂತ ಚಿಕ್ಕವನಿದ್ದಾಗ ನೋಡಿದ್ದು ತೋರಿಸ್ತೀನಿ" ಎಂದು ಲ್ಯಾಪ್‌ಟಾಪ್ ತೆರೆದರು. ಅದು 'ಸ್ಟಾರ್ ಟ್ರೆಕ್'. ಅವರ ಬಾಲ್ಯದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿತ್ತಂತೆ. ಮನೆಯಲ್ಲಿ ಟಿವಿ ಇಲ್ಲದ ಕಾರಣ ಪಕ್ಕದ ಮನೆಯ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರಂತೆ. ಆ ಟಿವಿ ಕಪ್ಪು-ಬಿಳುಪು. ನೌಕೆಯವರ ಅಂಗಿಗಳು ಹಳದಿ, ನೀಲಿ, ಕೆಂಪು ಎಂದು ಮಾಮುವಿಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ.

ಮೊದಲ ದಿನ ನಾನು ಬರೀ ನಕ್ಕೆ. ಬೇರೆ ಗ್ರಹದ ಬಂಡೆಗಳು ನಮ್ಮ ಕಾಲೇಜು ವಾರ್ಷಿಕೋತ್ಸವದ ರಟ್ಟಿನ ಬಂಡೆಗಳಂತೆ ಕಾಣುತ್ತಿದ್ದವು. ಡಾಕ್ಟರ್ ಮೆಕಾಯ್ ಕೈಯಲ್ಲಿ ಹಿಡಿದಿದ್ದ ಶಸ್ತ್ರಚಿಕಿತ್ಸೆಯ ಉಪಕರಣಗಳು ನಿಜವಾಗಿ ಊಟದ ಮೇಜಿನ ಉಪ್ಪಿನ ಡಬ್ಬಿಗಳು ಎಂದು ಮಾಮು ಹೇಳಿದಾಗಲಂತೂ ಅಮ್ಮಿಯೂ ಅಡುಗೆಮನೆಯಿಂದ ಬಂದು ನೋಡಿದರು.

ಇದು 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದ ಧಾರಾವಾಹಿ. ಹುಟ್ಟುಹಾಕಿದವರು ಜೀನ್ ರಾಡನ್‌ಬೆರಿ. ಒಟ್ಟು 79 ಕಂತುಗಳು. ಕಥೆ ನಡೆಯುವುದು 23ನೆಯ ಶತಮಾನದಲ್ಲಿ. 'ಎಂಟರ್‌ಪ್ರೈಸ್' ಎಂಬ ನೌಕೆಯಲ್ಲಿ ಸುಮಾರು 430 ಜನ ಗ್ರಹದಿಂದ ಗ್ರಹಕ್ಕೆ ಹೋಗುತ್ತಾರೆ. ಕ್ಯಾಪ್ಟನ್ ಕರ್ಕ್ ಅವರ ಮುಖ್ಯಸ್ಥ. ಸ್ಪಾಕ್ ಎರಡನೆಯ ಅಧಿಕಾರಿ. ಅವನ ತಾಯಿ ಭೂಮಿಯವಳು, ತಂದೆ ವಲ್ಕನ್ ಎಂಬ ಗ್ರಹದವನು. ಅವನಿಗೆ ಚೂಪು ಕಿವಿ, ಹಸಿರು ರಕ್ತ.

ಕಾಮರ್ಸ್‌ನವಳಾದ್ದರಿಂದ ನನ್ನ ಕಣ್ಣು ಮೊದಲು ಹೋಗಿದ್ದು ದುಡ್ಡಿನ ಕಡೆಗೆ. ಇವರು ನೌಕೆಯಿಂದ ಗ್ರಹಕ್ಕೆ ಇಳಿಯಲು ಒಂದು ಯಂತ್ರದ ಮೇಲೆ ನಿಲ್ಲುತ್ತಾರೆ, ಮಿಂಚುತ್ತಾ ಮಾಯವಾಗಿ ಕೆಳಗೆ ಪ್ರತ್ಯಕ್ಷವಾಗುತ್ತಾರೆ. ಇಷ್ಟು ಪ್ರಸಿದ್ಧವಾದ ಈ ಕಲ್ಪನೆ ಹುಟ್ಟಿದ್ದು ಖರ್ಚು ಉಳಿಸಲು. ಪ್ರತಿ ವಾರ ನೌಕೆ ಇಳಿಯುವುದನ್ನು ಚಿತ್ರೀಕರಿಸುವಷ್ಟು ಹಣ ಅವರ ಬಳಿ ಇರಲಿಲ್ಲ. ನೋಡುಗರ ಸಂಖ್ಯೆಯೂ ಸಾಲಲಿಲ್ಲ. ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದ ಮೇಲೆ ಮೂರನೆಯ ವರ್ಷ ಸಿಕ್ಕಿತು. ಅದೂ ಶುಕ್ರವಾರ ರಾತ್ರಿ 10 ಗಂಟೆಗೆ, ಇನ್ನೂ ಕಡಿಮೆ ಬಜೆಟ್‌ನಲ್ಲಿ. 1969ರ ಜೂನ್ 3ಕ್ಕೆ ಕೊನೆಯ ಕಂತು ಬಂದು ನಿಂತುಹೋಯಿತು. ಮರು ತಿಂಗಳೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ! ನಂತರ ಸ್ಥಳೀಯ ವಾಹಿನಿಗಳಲ್ಲಿ ಮರುಪ್ರಸಾರವಾಗುತ್ತಾ ಹೋದಾಗ ಜನ ಮುಗಿಬಿದ್ದು ನೋಡಿದರು. ನಷ್ಟ ಎಂದು ಮುಚ್ಚಿದ ಲೆಕ್ಕ ದೊಡ್ಡ ಆಸ್ತಿಯಾಯಿತು.

ಆದರೆ ನಾನು ಬರೆಯಬೇಕೆಂದಿದ್ದು ಇದನ್ನಲ್ಲ, ಒಂದು ಕಂತಿನ ಬಗ್ಗೆ. ಅದರ ಹೆಸರು 'ಬ್ಯಾಲೆನ್ಸ್ ಆಫ್ ಟೆರರ್'. 1966ರ ಡಿಸೆಂಬರ್‌ನಲ್ಲಿ ಬಂದದ್ದು. ಬ್ಯಾಲೆನ್ಸ್ ಎಂಬ ಪದ ನೋಡಿ, ರಜೆಯಲ್ಲೂ ಟ್ರಯಲ್ ಬ್ಯಾಲೆನ್ಸ್ ಬೆನ್ನು ಬಿಡಲಿಲ್ಲವಲ್ಲ ಎಂದು ತಮಾಷೆ ಮಾಡುತ್ತಲೇ ನೋಡಲು ಕೂತೆ.

ಭೂಮಿಯವರಿಗೂ ರಾಮುಲನ್ನರು ಎಂಬ ಜನಕ್ಕೂ ನೂರು ವರ್ಷಗಳ ಹಿಂದೆ ಯುದ್ಧವಾಗಿರುತ್ತದೆ. ಒಬ್ಬರ ಮುಖ ಒಬ್ಬರು ನೋಡದೆ ನಡೆದ ಯುದ್ಧ ಅದು. ಈಗ ಅವರ ಒಂದು ನೌಕೆ ಕಣ್ಣಿಗೆ ಕಾಣದಂತೆ ಗಡಿ ದಾಟಿ ಬಂದು ಕಾವಲು ಠಾಣೆಗಳನ್ನು ನಾಶ ಮಾಡುತ್ತದೆ. ಎಂಟರ್‌ಪ್ರೈಸ್ ಬೆನ್ನಟ್ಟುತ್ತದೆ. ಹೇಗೋ ಶತ್ರು ನೌಕೆಯ ಒಳಗಿನ ಚಿತ್ರ ಒಂದು ಕ್ಷಣ ಪರದೆಯ ಮೇಲೆ ಸಿಗುತ್ತದೆ. ಶತ್ರುವಿನ ಕಮಾಂಡರ್ ಮುಖ ಎತ್ತುತ್ತಾನೆ. ಅವನಿಗೂ ಚೂಪು ಕಿವಿ. ಥೇಟ್ ಸ್ಪಾಕ್‌ನಂತೆ.

ಆಗ ಆ ಕೋಣೆಯಲ್ಲಿ ಯಾರೂ ಏನೂ ಮಾತಾಡುವುದಿಲ್ಲ. ಎಲ್ಲರೂ ತಿರುಗಿ ಸ್ಪಾಕ್‌ನನ್ನು ನೋಡುತ್ತಾರೆ.

ನಾನು ಲ್ಯಾಪ್‌ಟಾಪ್ ನಿಲ್ಲಿಸಿದೆ. "ಏನಾಯ್ತು?" ಎಂದು ಮಾಮು ಕೇಳಿದರು. "ಏನಿಲ್ಲ, ನೀರು ಕುಡಿದು ಬರ್ತೀನಿ" ಎಂದೆ.

ಆ ನೋಟ ನನಗೆ ಗೊತ್ತು. ಹೈಸ್ಕೂಲಿನಲ್ಲಿದ್ದಾಗ ಒಂದು ಅಂತರಶಾಲಾ ಭಾಷಣ ಸ್ಪರ್ಧೆಗೆ ಹೋಗಿದ್ದೆ. ಕನ್ನಡದಲ್ಲಿ ಐದು ನಿಮಿಷ ಮಾತಾಡಿ ಕೆಳಗಿಳಿದೆ. ತೀರ್ಪುಗಾರರೊಬ್ಬರು ಪ್ರೀತಿಯಿಂದಲೇ ಕರೆದು, "ಮುಸ್ಲಿಮರ ಹುಡುಗಿ ಆದ್ರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಮ್ಮ, ಎಲ್ಲಿ ಕಲಿತೆ?" ಎಂದರು. ಅವರು ಹೊಗಳಿದ್ದು ನಿಜ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ 'ಆದ್ರೂ' ಎಂಬ ಪದ ಬಸ್ಸಿನಲ್ಲಿ ಮನೆಯವರೆಗೂ ನನ್ನ ಜೊತೆ ಬಂತು. ಎಲ್ಲಿ ಕಲಿತೆ ಎಂದರೆ ಏನು ಹೇಳಲಿ? ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ಉರ್ದು, ಗೇಟು ದಾಟಿದರೆ ಕನ್ನಡ. ನಮ್ಮ ದಾದಿ ಸಂತೆಯಲ್ಲಿ ಸೊಪ್ಪಿನ ಚೌಕಾಶಿ ಮಾಡುವುದನ್ನು ಅವರು ಕೇಳಬೇಕಿತ್ತು.

ಸರಿ, ಕಥೆಗೆ ಬರುತ್ತೇನೆ. ನೌಕೆಯ ದಾರಿ ನೋಡಿಕೊಳ್ಳುವ ಅಧಿಕಾರಿ ಸ್ಟೈಲ್ಸ್. ಹಳೆಯ ಯುದ್ಧದಲ್ಲಿ ಅವನ ಮನೆತನದ ಹಲವರು ಸತ್ತಿರುತ್ತಾರೆ. ಸ್ಪಾಕ್ ಗೂಢಚಾರನಿರಬಹುದು ಎಂಬಂತೆ ಅವನು ಚುಚ್ಚಿ ಮಾತಾಡುತ್ತಾನೆ. ಕ್ಯಾಪ್ಟನ್ ಕರ್ಕ್ ಕೇಳಿಸದಂತೆ ಸುಮ್ಮನಿರಬಹುದಿತ್ತು. ಹಾಗೆ ಮಾಡುವುದಿಲ್ಲ. ದ್ವೇಷವೇನಾದರೂ ಇದ್ದರೆ ನಿನ್ನ ಕೋಣೆಯಲ್ಲಿ ಇಟ್ಟು ಬಾ, ಇಲ್ಲಿ ಅದಕ್ಕೆ ಜಾಗವಿಲ್ಲ ಎಂಬ ಅರ್ಥದಲ್ಲಿ ಎಲ್ಲರೆದುರೇ ಗದರಿಸುತ್ತಾನೆ.

ಸ್ಪಾಕ್ ಏನು ಮಾಡುತ್ತಾನೆ? ನಾನು ಒಳ್ಳೆಯವನು, ನನ್ನನ್ನು ನಂಬಿ ಎಂದು ಒಂದು ಮಾತೂ ಆಡುವುದಿಲ್ಲ. ತನ್ನ ಕೆಲಸ ಮುಂದುವರಿಸುತ್ತಾನೆ. ಕೊನೆಯಲ್ಲಿ ಶಸ್ತ್ರ ಹಾರಿಸುವ ಕೋಣೆಯಲ್ಲಿ ವಿಷಾನಿಲ ಸೋರಿದಾಗ ಒಳಗೆ ನುಗ್ಗಿ, ಶತ್ರುವಿನ ಮೇಲೆ ಶಸ್ತ್ರ ಹಾರಿಸಿ, ಸ್ಟೈಲ್ಸ್‌ನನ್ನು ಹೊರಗೆ ಎಳೆದು ತರುತ್ತಾನೆ. ಆಮೇಲೆ ಕೇಳಿದರೆ, ನೌಕೆಗೆ ತರಬೇತಿ ಪಡೆದ ಅಧಿಕಾರಿ ಬೇಕಿತ್ತು, ಅದಕ್ಕೆ ಉಳಿಸಿದೆ ಎನ್ನುವಂತೆ ಉತ್ತರಿಸುತ್ತಾನೆ. ಸ್ಟೈಲ್ಸ್‌ನ ಮುಖ ನೋಡಬೇಕು!

ಇಲ್ಲಿ ನನ್ನದೊಂದು ತಕರಾರು ಇದೆ. ಚೂಪು ಕಿವಿಯವನು ಪ್ರಾಣ ಪಣಕ್ಕಿಟ್ಟ ಮೇಲೆಯೇ ಅವನನ್ನು ನಂಬಬೇಕೇ? ಸ್ಪಾಕ್ ಆ ಕೋಣೆಗೆ ನುಗ್ಗದಿದ್ದರೆ ಸ್ಟೈಲ್ಸ್‌ನ ಅನುಮಾನ ಸರಿಯಾಗಿಬಿಡುತ್ತಿತ್ತೇ? ಮಾಮುವನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಅದಕ್ಕೇ ಕರ್ಕ್ ಗದರಿಸಿದ್ದು ಮೊದಲು, ಸ್ಪಾಕ್ ಉಳಿಸಿದ್ದು ಆಮೇಲೆ" ಎಂದರು. ಹೌದಲ್ಲ! ಕ್ಯಾಪ್ಟನ್ ಯಾವ ಪುರಾವೆಗೂ ಕಾಯಲಿಲ್ಲ. ನನಗೆ ಈ ಕಂತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ.

ಇದನ್ನು ನಟಿಸಿದವರ ಬಗ್ಗೆ ತಿಳಿದಾಗ ಇನ್ನೂ ಆಶ್ಚರ್ಯವಾಯಿತು. ಅದೇ ಕೋಣೆಯಲ್ಲಿ ನೌಕೆ ನಡೆಸುವ ಸುಲು ಪಾತ್ರದ ಜಾರ್ಜ್ ಟಾಕೇ ಜಪಾನಿ ಮೂಲದ ಅಮೆರಿಕನ್ನರು. ಎರಡನೆಯ ಮಹಾಯುದ್ಧದಲ್ಲಿ, ಅವರಿಗೆ ಐದು ವರ್ಷವಾಗಿದ್ದಾಗ, ಅವರ ಕುಟುಂಬವನ್ನು ಅವರದೇ ದೇಶದ ಸರ್ಕಾರ ಮುಳ್ಳುತಂತಿಯ ಶಿಬಿರದಲ್ಲಿ ಇಟ್ಟಿತ್ತು. ಅವರು ಮಾಡಿದ ತಪ್ಪೇನೂ ಇರಲಿಲ್ಲ. ಮುಖ ಶತ್ರುವಿನ ಹಾಗಿತ್ತು, ಅಷ್ಟೇ. ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮಾಯ್ ಅವರ ತಂದೆ-ತಾಯಿ ಇಂದಿನ ಉಕ್ರೇನ್ ಇರುವ ಕಡೆಯಿಂದ ವಲಸೆ ಬಂದ ಯಹೂದಿಗಳು. ಮನೆಮಾತು ಯಿಡ್ಡಿಷ್. ನಾಲ್ಕು ಬೆರಳುಗಳನ್ನು ಎರಡೆರಡಾಗಿ ಅಗಲಿಸಿ ಸ್ಪಾಕ್ ಮಾಡುವ ಸಲಾಮನ್ನು ಅವರು ಬಾಲ್ಯದಲ್ಲಿ ಬಾಸ್ಟನ್‌ನ ಪ್ರಾರ್ಥನಾ ಮಂದಿರದಲ್ಲಿ ಆಶೀರ್ವಾದದ ಹೊತ್ತಿನಲ್ಲಿ ನೋಡಿ ಕಲಿತಿದ್ದರು. ಮನೆಯದನ್ನು ಮುಚ್ಚಿಡದೆ ಬೇರೆ ಗ್ರಹದವರೆಗೆ ಒಯ್ದರು.

ಸಂಪರ್ಕ ಅಧಿಕಾರಿ ಉಹುರಾ ಪಾತ್ರ ಮಾಡಿದ ನಿಶೆಲ್ ನಿಕಲ್ಸ್ ಕರಿಯ ಜನಾಂಗದ ನಟಿ. ಉಹುರಾ ಎಂಬ ಹೆಸರು ಸ್ವಾಹಿಲಿ ಭಾಷೆಯ 'ಉಹುರು' ಎಂಬ ಪದದಿಂದ ಬಂದದ್ದು. ಅರ್ಥ ಸ್ವಾತಂತ್ರ್ಯ. ಆ ಪದದ ಬೇರು ಅರಬ್ಬಿಯ 'ಹುರ್', ಅಂದರೆ ಸ್ವತಂತ್ರ. ಉರ್ದು ಬಲ್ಲವರಿಗೆ ಇದು ಗುರುತಿನ ಪದವೇ. ಮೊದಲ ವರ್ಷದ ನಂತರ ಅವರು ಬಿಟ್ಟು ಹೋಗಲು ಹೊರಟಿದ್ದರಂತೆ. ಮಾರ್ಟಿನ್ ಲೂಥರ್ ಕಿಂಗ್ ಭೇಟಿಯಾಗಿ, ನೀವು ಅಲ್ಲಿ ಇರುವುದು ಮುಖ್ಯ, ಬಿಡಬೇಡಿ ಎಂದು ಹೇಳಿದ್ದಾಗಿ ನಿಕಲ್ಸ್ ಅವರೇ ಹೇಳಿಕೊಂಡಿದ್ದಾರೆ.

ಎಲ್ಲವೂ ಜಮೆಯ ಕಡೆಗೇ ಇದೆ ಎಂದರೆ ಸುಳ್ಳು ಲೆಕ್ಕವಾಗುತ್ತದೆ. ಉಹುರಾಗೆ ಹೆಚ್ಚಿನ ಕಂತುಗಳಲ್ಲಿ ಎರಡು ಮೂರು ಮಾತು ಮಾತ್ರ. ಕೊನೆಯ ಕಂತಿನಲ್ಲಂತೂ ನೌಕೆಯ ಕ್ಯಾಪ್ಟನ್ ಪದವಿ ಹೆಂಗಸರಿಗೆ ಸಿಗುವುದಿಲ್ಲ ಎಂಬ ಮಾತು ಬರುತ್ತದೆ. 23ನೆಯ ಶತಮಾನದಲ್ಲೂ! 1967ರ 'ಸ್ಪೇಸ್ ಸೀಡ್' ಕಂತಿನಲ್ಲಿ ಒಬ್ಬ ಸರ್ವಾಧಿಕಾರಿ ಬರುತ್ತಾನೆ, ಹೆಸರು ಖಾನ್ ನೂನಿಯನ್ ಸಿಂಗ್. ಉತ್ತರ ಭಾರತದವನು, ಪ್ರಾಯಶಃ ಸಿಖ್ ಎನ್ನುತ್ತಾರೆ. ಖಾನ್, ಸಿಂಗ್ ಎರಡೂ ಒಂದೇ ಹೆಸರಿನಲ್ಲಿ ಬಂದದ್ದಕ್ಕೆ ಮನೆಯವರೆಲ್ಲ ನಕ್ಕೆವು. ಪಾತ್ರ ಮಾಡಿದವರು ಮೆಕ್ಸಿಕೊದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಲ್ಬಾನ್. ಅವನು ಬುದ್ಧಿವಂತ, ಗತ್ತಿನವನು, ನನಗೂ ಇಷ್ಟವಾದ. ಆದರೆ ಆ ಕೋಣೆಯಲ್ಲಿ ದಿನಾ ಕೂತು ಕೆಲಸ ಮಾಡುವ ಮುಖ್ಯ ಪಾತ್ರಗಳಲ್ಲಿ ನಮ್ಮ ಕಡೆಯವರು ಒಬ್ಬರೂ ಇಲ್ಲ. ಖಳನಾಯಕ ಬೇಕಾದಾಗ ಮಾತ್ರ ನಮ್ಮ ನೆನಪಾಯಿತು.

ಇಲ್ಲಿಯವರೆಗೆ ನಾನು ನನ್ನನ್ನು ಸ್ಪಾಕ್ ಜಾಗದಲ್ಲಿಟ್ಟು ಬರೆದೆ. ಅದು ಸುಲಭ. ಇನ್ನು ಕಷ್ಟದ ಭಾಗ.

ನಮ್ಮ ತರಗತಿಯಲ್ಲಿ ಉರ್ದು ಬಾರದವರು ಮೂವರಿದ್ದಾರೆ. ಅವರಲ್ಲಿ ಒಬ್ಬಳು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಕಳೆದ ವರ್ಷ ಕೊನೆಯ ಬೆಂಚಿನಲ್ಲಿ ನಮ್ಮ ಗುಂಪಿನ ಪಕ್ಕ ಕೂರುತ್ತಿದ್ದಳು. ಅವಳು ಬಂದ ಕೂಡಲೇ ನಾವು ಕನ್ನಡ ಬಿಟ್ಟು ಉರ್ದುವಿಗೆ ತಿರುಗುತ್ತಿದ್ದೆವು. ಒಂದು ದಿನ ಅವಳು ಬಿಸಿನೆಸ್ ಸ್ಟಡೀಸ್ ತರಗತಿಯಲ್ಲಿ ಇಂಗ್ಲಿಷ್ ಪಾಠ ಓದುವಾಗ ತಡವರಿಸಿದಳು. ನಾನು ಉರ್ದುವಿನಲ್ಲಿ ಏನೋ ಹೇಳಿದೆ, ಎಲ್ಲರೂ ನಕ್ಕರು. ಅವಳು ಮೆಲ್ಲಗೆ, "ನನ್ನ ಬಗ್ಗೆ ಮಾತಾಡಿದ್ರಾ?" ಎಂದು ಕೇಳಿದಳು. "ಇಲ್ಲಪ್ಪ, ಬೇರೇನೋ" ಎಂದೆ. ಅದು ಸುಳ್ಳು. ಮರುದಿನದಿಂದ ಅವಳು ಮುಂದಿನ ಸಾಲಿಗೆ ಹೋದಳು.

ಭಾಷಣ ಸ್ಪರ್ಧೆಯ 'ಆದ್ರೂ' ನನಗೆ ಮೂರು ವರ್ಷವಾದರೂ ನೆನಪಿದೆ. ನಮ್ಮ ಆ ನಗು ಅವಳಿಗೆ ಎಷ್ಟು ವರ್ಷ ನೆನಪಿರುತ್ತದೆ? ಊರಿನಲ್ಲಿ ನಾವು ಕಡಿಮೆ ಜನ, ಆದರೆ ಈ ಕಾಲೇಜಿನ ಗೇಟಿನ ಒಳಗೆ ನಾವೇ ಹೆಚ್ಚು. ಹೊರಗೆ ಸ್ಪಾಕ್ ಆಗಿರುವ ನಾನು ಒಳಗೆ ಸ್ಟೈಲ್ಸ್ ಆಗಿದ್ದೆ. ಉರ್ದು ಮಾತಾಡುವುದು ತಪ್ಪಲ್ಲ, ಅದು ನನ್ನ ಅಮ್ಮಿಯ ಭಾಷೆ. ಅದನ್ನು ಬಾಗಿಲು ಹಾಕಲು ಬಳಸಿದ್ದು ತಪ್ಪು.

ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ಅವಳಿಗೆ ನಿಜ ಹೇಳಿ ಕ್ಷಮೆ ಕೇಳಿದೆ. "ಗೊತ್ತಿತ್ತು ಬಿಡು" ಎಂದಳು. ಇದನ್ನು ಬರೆಯಲೇ ಎಂದು ಕೇಳಿದಾಗ, ಹೆಸರು ಹಾಕಬೇಡ ಎಂದಳು, ಅಷ್ಟೇ. ಈಗ ಮಧ್ಯಾಹ್ನ ಒಟ್ಟಿಗೆ ಊಟ ಮಾಡುತ್ತೇವೆ. ಆದರೂ ನಾವು ಉರ್ದುವಿನಲ್ಲಿ ಜೋರಾಗಿ ನಕ್ಕಾಗ ಅವಳು ಒಮ್ಮೆ ತಲೆ ಎತ್ತಿ ನೋಡುತ್ತಾಳೆ. ಆಗ ನಾನು ಏನು ವಿಷಯ ಎಂದು ಕನ್ನಡದಲ್ಲಿ ಹೇಳುತ್ತೇನೆ.

ಹಳೆಯ ಧಾರಾವಾಹಿ ನೋಡುವುದು ಸಮಯ ಹಾಳು ಎನ್ನುವವರಿದ್ದಾರೆ. ದ್ವಿತೀಯ ಪಿಯುಸಿಯಲ್ಲಿ 79 ಕಂತು ನೋಡಿ ಎಂದು ನಾನೂ ಹೇಳುವುದಿಲ್ಲ. ಒಂದು ನೋಡಿ, ಸಾಕು. ಪ್ರಿನ್ಸಿಪಾಲರಿಗೂ ಲೆಕ್ಚರರುಗಳಿಗೂ ನನ್ನ ವಿನಂತಿ ಇದು: ಯಾವುದಾದರೂ ಶನಿವಾರ, ತರಗತಿ ಮುಗಿದ ಮೇಲೆ, ನಮ್ಮ ಪ್ರೊಜೆಕ್ಟರ್‌ನಲ್ಲಿ 'ಬ್ಯಾಲೆನ್ಸ್ ಆಫ್ ಟೆರರ್' ಹಾಕಿ. ಐವತ್ತು ನಿಮಿಷ ಹಿಡಿಯುತ್ತದೆ. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಲ್ಲರೂ ಒಟ್ಟಿಗೆ ಕೂರೋಣ. ಎಲ್ಲರೂ ಸ್ಪಾಕ್ ಕಡೆಗೆ ತಿರುಗಿ ನೋಡುವ ಆ ಜಾಗದಲ್ಲಿ ಒಂದು ನಿಮಿಷ ನಿಲ್ಲಿಸಿ, ಇಂಥ ನೋಟ ನಿಮ್ಮ ಮೇಲೆ ಯಾವಾಗ ಬಿತ್ತು, ನೀವು ಯಾರ ಮೇಲೆ ಬೀರಿದಿರಿ ಎಂದು ಕೇಳಿ. ಜೋರಾಗಿ ಉತ್ತರ ಹೇಳಬೇಕಾಗಿಲ್ಲ.

ರಟ್ಟಿನ ಬಂಡೆ ನೋಡಿ ನಗಬಹುದು. ನಾನೂ ನಕ್ಕಿದ್ದೇನೆ.