ತಲೆ ತಗ್ಗಿಸಿದ ಹೆಣ್ಣು

"ತೆಲಿ ಎತ್ತಿ ಮಾತಾಡೂದಿಲ್ರೀ, ಭಾಳ ಗುಣಾ ಐತಿ ಹುಡುಗಿ." ನಮ್ಮ ಬೋರಗಾಂವದಂಥ ಊರುಗಳಲ್ಲಿ ಇದು ಹೊಗಳಿಕೆಯ ಮಾತು. ಮುಖ ನೋಡಿ ಮಾತಾಡದವಳು ಮರ್ಯಾದಸ್ಥೆ, ಮದುವೆಮನೆಯ ಗದ್ದಲ ತಾಳದೆ ಒಳಕೋಣೆ ಸೇರುವವಳು ಶಾಂತ ಸ್ವಭಾವದವಳು, ಇಟ್ಟ ಪಾತ್ರೆ ಜಾಗ ಬದಲಾದರೆ ಕಂಗೆಡುವವಳು ಅಚ್ಚುಕಟ್ಟಿನವಳು. ಒಳಗೆ ಅವಳು ಪಡುವ ಪಾಡು ಯಾರಿಗೂ ಬೇಡ.

ಇವೆಲ್ಲ ಆಟಿಸಂನ ಲಕ್ಷಣಗಳೇ ಎಂದು ನಾನು ಹೇಳುತ್ತಿಲ್ಲ. ಆದರೆ ಇರಬಹುದೇ ಎಂದು ಕೇಳುವ ಹಕ್ಕೂ ಹೆಣ್ಣಿಗಿಲ್ಲವೇ? ಕೇಳಿದರೆ, "ಎರಡು ಮಕ್ಕಳ ತಾಯಿಗೆ ಈಗ್ಯಾಕ ಇದೆಲ್ಲಾ?" ಎನ್ನುತ್ತಾರೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಬರೆದಾಗ ಅವರು ವಿವರಿಸಿದ 11 ಮಕ್ಕಳಲ್ಲಿ ಹೆಣ್ಣುಮಕ್ಕಳು ಮೂವರೇ. ಇದು ಗಂಡುಹುಡುಗರ ತೊಂದರೆ ಎಂಬ ಎಣಿಕೆ ಬಹುಕಾಲ ವೈದ್ಯರಲ್ಲೂ ಇತ್ತು. ಹಾಗೆ ಲೆಕ್ಕಕ್ಕೆ ಸಿಗದೆ ಉಳಿದ ಹುಡುಗಿಯರೇ ಇಂದು ತಾಯಂದಿರಾಗಿದ್ದಾರೆ.

ತಪಾಸಣೆಯಲ್ಲಿ ಅಂಜುವಂಥದ್ದೇನಿಲ್ಲ. ಆಟಿಸಂ ಪತ್ತೆಗೆ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿನಲ್ಲೂ ಅದು ಕಾಣುವುದಿಲ್ಲ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಕೂತು ಮಾತಾಡಿಸುತ್ತಾರೆ. ಒಂದೇ ಭೇಟಿಯಲ್ಲಿ ಮುಗಿಯದೆಯೂ ಇರಬಹುದು. ಸ್ನೇಹ, ಸದ್ದು, ಬಟ್ಟೆಯ ಸ್ಪರ್ಶ, ದಿನಚರಿ ಎಲ್ಲ ಕೇಳುತ್ತಾರೆ. ಬಾಲ್ಯದಿಂದಲೂ ಹೀಗೆಯೇ ಎಂಬುದು ಮುಖ್ಯ ಪ್ರಶ್ನೆ. ಆದ್ದರಿಂದ ತಾಯಿಯೋ ಅಕ್ಕನೋ ಜೊತೆಗಿದ್ದರೆ ಒಳ್ಳೆಯದು. ಆತಂಕ, ಖಿನ್ನತೆಗಳೇನಾದರೂ ಇವೆಯೇ ಎಂದೂ ನೋಡುತ್ತಾರೆ. ಕೊನೆಗೆ ಆಟಿಸಂ ಅಲ್ಲವೆಂದೂ ಹೇಳಬಹುದು. ಅದೂ ಒಂದು ಉತ್ತರವೇ.

ನನ್ನ ತಕರಾರು ಬೇರೆ. ಆ ಕೋಣೆಯಲ್ಲಿ ಅವಳ ಪರವಾಗಿ ಗಂಡನೋ ಅತ್ತೆಯೋ ಉತ್ತರ ಕೊಡಕೂಡದು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಕಲಿತ ಗಡಿಯ ಹೆಣ್ಣನ್ನು ಅವಳಿಗೆ ಮನಸ್ಸು ಬಿಚ್ಚಲು ಬರುವ ಭಾಷೆಯಲ್ಲೇ ಕೇಳಬೇಕು. ಫಲಿತಾಂಶವನ್ನು ಬರಹದಲ್ಲಿ ಅವಳ ಕೈಗೇ ಕೊಡಬೇಕು. ಆಟಿಸಂ ಇದೆಯೆಂದ ಮಾತ್ರಕ್ಕೆ ಅವಳು ಹುಚ್ಚಿಯಲ್ಲ. ಅದು ಔಷಧಿ ಕೊಟ್ಟು ವಾಸಿಮಾಡುವ ಕಾಯಿಲೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಕಾಯ್ದೆ ಒಪ್ಪಿದ್ದನ್ನು ಮನೆ ಯಾಕೆ ಒಪ್ಪದು?

ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಣ ಬೇಡ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ.

ಹುಡುಗಿಯ ಜಾತಕ ಕೂಡಿಸಲು ಊರೂರು ತಿರುಗುತ್ತೇವೆ. ಅವಳು ತನ್ನನ್ನು ತಾನು ತಿಳಿಯಲು ಧಾರವಾಡದ ಬಸ್ಸು ಹತ್ತಿದರೆ ಮಾತ್ರ ಮನೆತನದ ಮರ್ಯಾದೆ ಹೋಗುತ್ತದೆಯೇ?